ಇಡೀ ವಾರ ಆಟಾನೇ ಆದ್ರೆ ಪಾಠ ಯಾವಾಗ? – ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಲಗ್ಗೆರೆಯಿಂದ ಪತ್ರ ಬರೆದಿರೋ ಮೇಡಂ ಅವರಿಗೆ ನಮಸ್ಕಾರ.

ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಬೇರೆಯವರಿಗೂ ವಿಷಯ ಗೊತ್ತಾಗ್ಲಿ ಅಂತ ನಿಮ್ಮ ಪತ್ರದಲ್ಲಿ ಇದ್ದಿದ್ದನ್ನ ಚಿಕ್ಕದಾಗಿ ಹೇಳ್ಬಿಡ್ತೀನಿ. ಹೋದ ಸಂಚಿಕೆಲಿ ನಾವು ಹಾಕಿದ್ದ ಸರ್ಕಾರಿ ಶಾಲೆ ಟೀಚರೊಬ್ಬರ ಒಂದು ವಾರದ ಡೈರಿ ನೀವು ಓದಿದ್ರಿ. ನಿಮ್ಮ ಮಗಳೂ ಸರ್ಕಾರಿ ಶಾಲೇಲಿ ಎರಡನೇ ಕ್ಲಾಸು, ಅಲ್ಲೂ ಅದೇ ಥರ ಕಾರ್ಡು, ಕಡ್ಡಿ ಕಟ್ಟು, ಮಣಿಸರ, ಹಾಡು, ಸೋಮವಾರದಿಂದ ಶನಿವಾರದ ತನಕ ಇದೇ, ನೋಟ್‌ಬುಕ್ ನೋಡಿದ್ರೆ ನಾಲ್ಕು ಪೇಜೂ ತುಂಬಿಲ್ಲ. ಪಕ್ಕದ ಮನೆ ಹುಡುಗ ಕಾನ್ವೆಂಟಲ್ಲಿ ಅದೇ ಎರಡನೇ ಕ್ಲಾಸು, ಸಾವಿರದ ತನಕ ನಂಬರ್ ಬರೀತಾನೆ, ಮಗ್ಗಿ ಪಟಪಟ ಹೇಳ್ತಾನೆ. ಮನೇಲಿ ತೆಲುಗು ಮಾತಾಡೋದ್ರಿಂದ ಮಗಳು ಹಿಂದೆ ಬೀಳ್ತಾಳೇನೋ ಅನ್ನೋ ಭಯ ಬೇರೆ. "ಇದು ಪಾಠಾನಾ ಟೈಂಪಾಸಾ, ಮುಂದಿನ ವರ್ಷ ಸ್ಕೂಲ್ ಚೇಂಜ್ ಮಾಡ್ಬೇಕಾ" ಅಂತ ಕೇಳಿದ್ದೀರಿ.

ಮೇಡಂ, ನೋಟ್‌ಬುಕ್ ನೋಡಿ ತೀರ್ಮಾನ ಮಾಡ್ಬೇಡಿ, ಮಗಳಿಗೆ ಏನು ಮಾಡೋಕೆ ಬರುತ್ತೆ ಅಂತ ನೋಡಿ ಮಾಡಿ. ನಾನು ಹೇಳ್ಬೇಕಾಗಿರೋದು ಇಷ್ಟೇ, ಆದ್ರೆ ಅದನ್ನ ನೋಡೋದು ಹೇಗೆ ಅಂತ ಬಿಡಿಸಿ ಹೇಳ್ದಿದ್ರೆ ನಿಮಗೆ ಉಪಯೋಗ ಇಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ಲೆಕ್ಕದಿಂದಾನೇ ಶುರು ಮಾಡೋಣ. ಬೋರ್ಡ್ ಮೇಲೆ 42ರಲ್ಲಿ 17 ಕಳೀರಿ ಅಂತ ಬರೆದ್ರೆ ಎಷ್ಟೋ ಮಕ್ಕಳು 35 ಅಂತ ಬರೀತಾರೆ. ಆ ಮಗು ದಡ್ಡ ಅಲ್ಲ. 2ರಲ್ಲಿ 7 ಹೋಗಲ್ಲ, ಸರಿ 7ರಲ್ಲೇ 2 ತೆಗೆಯೋಣ ಅಂದ್ಕೊಳ್ತು, 5 ಬಂತು, ಆ ಕಡೆ 4ರಲ್ಲಿ 1 ತೆಗೀತು, 3 ಬಂತು. ಅದಕ್ಕೆ ಒಂದು ಲಾಜಿಕ್ ಇದೆ, ತಪ್ಪು ಲಾಜಿಕ್. "ಪಕ್ಕದಿಂದ ಸಾಲ ತಗೋ" ಅಂತ ಹತ್ತು ಸಲ ಹೇಳ್ಕೊಟ್ರೆ ಸಾಲ ತಗೊಳ್ಳೋದು ಕಲಿಯುತ್ತೆ, ಯಾಕೆ ತಗೊಳ್ತಿದೀನಿ ಅಂತ ಗೊತ್ತಿರಲ್ಲ, 302ರಲ್ಲಿ 17 ಕಳಿ ಅಂದಾಗ ಮತ್ತೆ ಸಿಕ್ಕಾಕೊಳ್ಳುತ್ತೆ. ಅದೇ ಮಗು ಕೈಗೆ ಪೊರಕೆ ಕಡ್ಡಿಗಳನ್ನ ಹತ್ತ್ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿರೋ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು ಇದರಲ್ಲಿ 17 ನನಗೆ ಕೊಡು ಅನ್ನಿ. ಒಂದು ಕಟ್ಟು ಕೊಡುತ್ತೆ, ಇನ್ನು ಏಳು ಬೇಕು, ಬಿಡಿ ಎರಡೇ ಇದೆ, ಸ್ವಲ್ಪ ಹೊತ್ತು ಕಡ್ಡೀನೇ ನೋಡುತ್ತೆ, ಆಮೇಲೆ ತಾನಾಗೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತೆ! ಈಗ ಬಿಡಿ ಹನ್ನೆರಡು, ಏಳು ಕೊಟ್ರೆ ಐದು ಉಳೀತು, ಕಟ್ಟು ಎರಡು ಉಳೀತು, 25. ಆ ಕಟ್ಟು ಬಿಚ್ಚೋ ಕ್ಷಣಾನೇ ಪಾಠ. ಅದು ಯಾವ ನೋಟ್‌ಬುಕ್ಕಲ್ಲೂ ಕಾಣಲ್ಲ, ಆದ್ರೆ ಆಮೇಲೆ ಪೆನ್ಸಿಲ್ ಹಿಡಿದು ಮಾಡೋ ಲೆಕ್ಕ ಎಲ್ಲಾ ಅದರ ಮೇಲೇ ನಿಲ್ಲೋದು.

ಪಕ್ಕದ ಮನೆ ಹುಡುಗನ ಬಗ್ಗೆ ನನಗೇನೂ ಬೇಜಾರಿಲ್ಲ, ಮಗ್ಗಿ ಬಾಯಿಪಾಠ ಬರೋದು ಒಳ್ಳೇದೇ, ನಿಮ್ಮ ಮಗಳಿಗೂ ಎರಡು, ಐದು, ಹತ್ತರ ಮಗ್ಗಿ ಸಂಜೆ ದೀಪ ಹಚ್ಚೋ ಹೊತ್ತಲ್ಲಿ ಹೇಳಿಸಿ. ಆದ್ರೆ ಸಾವಿರದ ತನಕ ಸಾಲಾಗಿ ಬರೆಯೋನು "ಮುನ್ನೂರ ಐದು" ಅಂದ ತಕ್ಷಣ 3005 ಅಂತ ಬರೆದ್ರೆ ಅಷ್ಟು ಪೇಜ್ ತುಂಬಿಸಿ ಏನ್ ಬಂತು. ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕಕ್ಕೆ ಅಂತ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆ ಪ್ರಕಾರ ಎರಡನೇ ಕ್ಲಾಸ್ ಮುಗಿಯೋ ಹೊತ್ತಿಗೆ ಮಗುಗೆ 999ರ ತನಕ ಸಂಖ್ಯೆ ಓದೋಕೆ ಬರೆಯೋಕೆ, 99ರ ತನಕ ಕಳೆಯೋಕೆ ಬರ್ಬೇಕು. ಅಂದ್ರೆ ನಿಮ್ಮ ಮಗಳ ಶಾಲೆಗೂ ಆ ಶಾಲೆಗೂ ಗುರಿ ಒಂದೇ, ಹೋಗೋ ದಾರಿ ಬೇರೆ.

ಆ ಕಾರ್ಡುಗಳ ವಿಷಯ. ಕಾರ್ಡು, ಆಟ, ಹಾಡಿನಲ್ಲೇ ಕಲಿಸೋ ಈ ಪದ್ಧತಿಗೆ ನಲಿ-ಕಲಿ ಅಂತಾರೆ, ನೀವೂ ಕೇಳಿರ್ತೀರಿ. 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನ ಕೋಟೇಲಿ ಶುರುವಾಗಿದ್ದು, ಅಲ್ಲಿನ ಟೀಚರ್‌ಗಳು ಆಂಧ್ರದ ಋಷಿವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ ಅದರ ಹಳ್ಳಿ ಶಾಲೆಗಳಲ್ಲಿ ನಡೀತಿದ್ದಿದ್ದನ್ನ ನೋಡ್ಕೊಂಡು ಬಂದು ನಮ್ಮ ಮಕ್ಕಳಿಗೆ ಹೊಂದೋ ಹಾಗೆ ಮಾಡ್ಕೊಂಡ್ರು, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಿಮ್ಮ ಮಗಳು ಅ ಆ ಇ ಈ ಇಂದ ಕಲೀಲೇ ಇಲ್ಲ ಅಂತ ಬರೆದಿದ್ದೀರಲ್ಲ, ಅದೂ ಬೇಕಂತಲೇ ಮಾಡಿರೋದು. ಅಲ್ಲಿ ಮೊದಲು ಬರೋದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದ್ರೆ ಸಾಕು ಸರ, ರಸ, ದರ, ಅಗಸ, ಅರಸ, ಗರಗಸ, ಇಷ್ಟು ಪದ ಓದ್ಬಹುದು, ಒಂದು ಕೊಂಬೂ ಬೇಡ ದೀರ್ಘಾನೂ ಬೇಡ. ಮೊದಲ ದಿನಗಳಲ್ಲೇ ನಾನು ಓದ್ತೀನಿ ಅನ್ನೋ ಧೈರ್ಯ ಮಗುಗೆ ಬರುತ್ತೆ. ಐವತ್ತು ಅಕ್ಷರ ತಿದ್ದಿ ಮುಗಿಸೋ ತನಕ ಒಂದು ಪದಾನೂ ಓದ್ದೇ ಕೂತಿರೋ ಮಗುಗೆ ಆ ಧೈರ್ಯ ಎಲ್ಲಿಂದ ಬರ್ಬೇಕು ಹೇಳಿ.

ತೆಲುಗು ಬಗ್ಗೆ ಭಯ ಬಿಡಿ. ಬೆಂಗಳೂರಿನ ಯಾವ ಕ್ಲಾಸಿಗೆ ಹೋದ್ರೂ ತೆಲುಗು, ತಮಿಳು, ಉರ್ದು, ಹಿಂದಿ ಮಾತಾಡೋ ಮನೆ ಮಕ್ಕಳು ಇದ್ದೇ ಇರ್ತಾರೆ. ಹೋದ ಸಂಚಿಕೆ ಡೈರೀಲಿ ನನಗೆ ತುಂಬಾ ಹಿಡಿಸಿದ ದಿನ ಬುಧವಾರ. ಟೀಚರ್ "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ" ಅಂತ ಕೇಳಿದ್ರು, ಒಬ್ಬ ಟ್ಯಾಂಕರ್ ಅಂದ, ಒಬ್ಬಳು ಬೋರ್‌ವೆಲ್ ಅಂದಳು, ಇನ್ನೊಬ್ಬ ಕಾವೇರಿ ಅಂದ, ಕಾವೇರಿ ಎಲ್ಲಿದೆ ಅಂದ್ರೆ ಓವರ್‌ಹೆಡ್ ಟ್ಯಾಂಕಲ್ಲಿ ಅಂದ! ಅಲ್ಲಿಂದ ಮಾತು ಹಿಡ್ಕೊಂಡು ಆ ನೀರು ಮಂಡ್ಯ ಜಿಲ್ಲೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಲ್ಲಿ ಮೇಲಕ್ಕೆ ಪಂಪ್ ಆಗಿ ಬರುತ್ತೆ ಅನ್ನೋ ತನಕ ಹೋದ್ರು, ಮಕ್ಕಳು ಅವರವರ ಮನೆ ಭಾಷೇಲೇ ಹೇಳಿದ್ರು, ಟೀಚರ್ ಅದನ್ನ ಕನ್ನಡದಲ್ಲಿ ಬೋರ್ಡಿಗೆ ಬರೆದ್ರು, ಎಲ್ಲರೂ ಸೇರಿ ಓದಿದ್ರು. ತೆಲುಗಲ್ಲಿ ಚೆನ್ನಾಗಿ ಕಥೆ ಹೇಳೋ ಮಗು ಕನ್ನಡದಲ್ಲೂ ಹೇಳುತ್ತೆ. ಮನೇಲಿ ಧಾರಾಳವಾಗಿ ತೆಲುಗು ಮಾತಾಡಿ, ಕನ್ನಡ ಪುಸ್ತಕಾನ ಜೊತೇಲಿ ಕೂತು ಓದಿ.

ಆದ್ರೆ ಒಂದು ಮಾತು ಮುಚ್ಚಿಡೋಕೆ ನನಗೆ ಮನಸ್ಸಿಲ್ಲ. ಈ ಪದ್ಧತಿ ಕೆಡೋ ಜಾಗಾನೂ ಇದೆ. ಮಗು ಯಾವ ಮೆಟ್ಟಿಲಲ್ಲಿದೆ ಅಂತ ಟೀಚರ್ ದಿನಾ ನೋಡಿದ್ರೆ ಮಾತ್ರ ಕಾರ್ಡಿಗೆ ಬೆಲೆ. ನಲಿ-ಕಲೀಲಿ ಮಕ್ಕಳು ಕೂರೋ ಗುಂಪಿಗೆ ತಟ್ಟೆ ಅಂತಾರೆ; ಟೀಚರ್ ಪೂರ್ತಿ ಪಕ್ಕದಲ್ಲಿರೋ ತಟ್ಟೆ, ಅರ್ಧ ನೆರವಿನ ತಟ್ಟೆ, ಗೆಳೆಯರು ಹೇಳ್ಕೊಡೋ ತಟ್ಟೆ, ಸ್ವಂತ ಕಲಿಯೋ ತಟ್ಟೆ ಅಂತ ಗುಂಪು ಮಾಡಿರೋದೇ ಅದಕ್ಕೆ. ಮೂರು ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ, ಒಬ್ಬರೇ ಟೀಚರ್, ಅವರನ್ನೂ ಸರ್ವೆಗೆ ಎಲೆಕ್ಷನ್ ಡ್ಯೂಟಿಗೆ ಕಳಿಸಿದ್ರೆ ಮಕ್ಕಳು ಅದೇ ಕಾರ್ಡನ್ನ ತಿಂಗಳುಗಟ್ಟಲೆ ತಿರುಗಿಸ್ತಾ ಕೂರ್ತಾವೆ. ಆಗ ಅದು ನೀವು ಹೇಳಿದ ಟೈಂಪಾಸೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಪ್ರೈಮರೀಲಿ 30 ಮಕ್ಕಳಿಗೆ ಒಬ್ಬರು ಟೀಚರ್ ಇರ್ಬೇಕು. ನಿಮ್ಮ ಶಾಲೇಲಿ ಎಷ್ಟಿದ್ದಾರೆ ನೋಡಿ, ಕಮ್ಮಿ ಇದ್ರೆ ಎಸ್‌ಡಿಎಂಸಿ (ಪೋಷಕರೂ ಇರೋ ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಎದ್ದು ಕೇಳಿ, ಅದು ತಾಯಂದಿರ ಹಕ್ಕು.

ಹಾಗಾಗಿ ಸ್ಕೂಲ್ ಚೇಂಜ್ ಮಾಡೋಕೆ ಮುಂಚೆ ಒಂದ್ಸಲ ಹೋಗಿ ಟೀಚರ್ ಹತ್ರ "ನನ್ನ ಮಗಳು ಕನ್ನಡದಲ್ಲಿ ಯಾವ ಮೈಲಿಗಲ್ಲಲ್ಲಿದ್ದಾಳೆ, ಹೋದ ತಿಂಗಳು ಎಲ್ಲಿದ್ಲು, ಎಲ್ಲಿ ಕಷ್ಟ ಪಡ್ತಿದ್ದಾಳೆ" ಅಂತ ಕೇಳಿ. "ಚೆನ್ನಾಗಿ ಓದ್ತಾಳೆ ಬಿಡಿ" ಅಂದ್ರೆ ಅದು ಉತ್ತರ ಅಲ್ಲ, ಯಾವ ಮಗು ಎಲ್ಲಿ ತನಕ ಕಲಿತಿದೆ ಅಂತ ಗೋಡೆ ಮೇಲೆ ಹಾಕಿರೋ ಪ್ರಗತಿ ನೋಟದ ಚಾರ್ಟ್ ತೋರಿಸಿ ಅನ್ನಿ. ತೋರಿಸಿ ವಿವರವಾಗಿ ಹೇಳಿದ್ರು ಅಂದ್ರೆ ಅಂಥ ಟೀಚರನ್ನ ಬಿಟ್ಟು ಎಲ್ಲೂ ಹೋಗ್ಬೇಡಿ. ಮನೇಲಿ ನೋಡೋದಾದ್ರೆ ಪಠ್ಯಪುಸ್ತಕ ಓದಿಸ್ಬೇಡಿ, ಅದು ಕೇಳಿ ಕೇಳಿ ಬಾಯಿಗೆ ಬಂದಿರುತ್ತೆ, ದಾರೀಲಿ ಅಂಗಡಿ ಬೋರ್ಡು ಬಿಎಂಟಿಸಿ ಬಸ್ಸಿನ ಬೋರ್ಡು ಓದಿಸಿ. ಒತ್ತಕ್ಷರಕ್ಕೆ ತಡವರಿಸಿದ್ರೆ ಗಾಬರಿ ಬೇಡ, ಈ ವಯಸ್ಸಲ್ಲಿ ಅದು ಇದ್ದಿದ್ದೇ. 50 ರೂಪಾಯಿ ಕೊಟ್ಟು 32 ರೂಪಾಯಿ ಸಾಮಾನು ತರಿಸಿ ಚಿಲ್ಲರೆ ಎಷ್ಟು ಬರ್ಬೇಕಿತ್ತು ಅಂತ ಕೇಳಿ, ಬೆರಳು ಮಡಚಿದ್ರೂ ಪರವಾಗಿಲ್ಲ, 18 ಅಂದ್ರೆ ಸರಿ.

ಕೊನೇಲಿ ಹೋಂವರ್ಕ್ ಯಾಕೆ ಕೊಡಲ್ಲ ಅಂತ ಕೇಳಿದ್ರಲ್ಲ. ಬ್ಯಾಗ್ ಭಾರದ ಬಗ್ಗೆ 2019ರಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿದಾಗಲೇ ಒಂದು ಎರಡನೇ ಕ್ಲಾಸಿಗೆ ಹೋಂವರ್ಕ್ ಕೊಡೋ ಹಾಗಿಲ್ಲ, ಬ್ಯಾಗು 2 ಕೆಜಿ ದಾಟೋ ಹಾಗಿಲ್ಲ ಅಂತ ಇದೆ. ಅದು ಕಾನ್ವೆಂಟಿಗೂ ಸೇರಿ ಎಲ್ಲಾ ಶಾಲೆಗೂ. ಟೀಚರ್ ಹತ್ರ ಮಾತಾಡಿದ ಮೇಲೆ ಏನಂದ್ರು ಅಂತ ನಮಗೊಂದು ಪತ್ರ ಹಾಕಿ, ಅದನ್ನೂ ಪ್ರಕಟಿಸ್ತೀವಿ.

– ಸಂಪಾದಕ