‘ರಿಸರ್ವ್ಡ್’ ಎಂದರೆ ಹೊಗಳಿಕೆಯೋ ದೂರೋ?

ತಂಗೀ, ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ ಮ್ಯಾನೇಜರ್ ನಿನ್ನ ಬಗ್ಗೆ ‘ಎ ಬಿಟ್ ರಿಸರ್ವ್ಡ್’ ಎಂದು ಬರೆದಿದ್ದಾರೆ, ಇದು ಹೊಗಳಿಕೆಯೋ ದೂರೋ ಎಂದು ಕೇಳಿದ್ದೀಯ. ಜೊತೆಗೆ ಕೋಟು, ಅಕ್ಕಿ, ಬಾಡಿಗೆ ಮನೆ ಎಂದೆಲ್ಲ ಕೇಳಿದ್ದೀಯ. ಕೋಟನ್ನು ಇಲ್ಲಿಯೇ ಕೊಳ್ಳು, ಬೆಂಗಳೂರಿನದು ಇಂಗ್ಲೆಂಡಿನ ಈ ಲೀಡ್ಸ್‌ನ ಗಾಳಿಮಳೆಗೆ ತಡೆಯುವುದಿಲ್ಲ. ಸೋನಾ ಮಸೂರಿ ಸಿಗುತ್ತದೆ. ಮನೆಯ ವಿಷಯವನ್ನು ಫೋನಿನಲ್ಲಿ ಹೇಳುತ್ತೇನೆ. ಆ ಪದದ ಬಗ್ಗೆ ಮಾತ್ರ ಕುಳಿತು ಬರೆಯಬೇಕೆನಿಸಿತು.

ರೈಲಿನ ಸೀಟು, ಕಾಡು, ಪೊಲೀಸ್ ಪಡೆ, ಎಲ್ಲದರಲ್ಲೂ ನಮಗೆ ರಿಸರ್ವ್ ಎಂದರೆ ಮೀಸಲು. ಮನುಷ್ಯರಿಗೆ ಹೇಳಿದಾಗಲೂ ಅರ್ಥ ದೂರ ಹೋಗಿಲ್ಲ. ಲ್ಯಾಟಿನ್ ಮೂಲದಲ್ಲಿ ಅದು ತೆಗೆದಿರಿಸುವುದು. ಮೊದಲ ಫಲವನ್ನು ದೇವರಿಗೆಂದು ತೆಗೆದಿಟ್ಟ ಹಾಗೆ, ಮನಸ್ಸಿನದನ್ನು ಎಲ್ಲರ ಮುಂದೆ ಹರಡದೆ ತೆಗೆದಿಟ್ಟುಕೊಂಡವರು. ಪದದಲ್ಲಿ ದೋಷವಿಲ್ಲ. ‘ಶೈ’ ಬೇರೆ, ಅಲ್ಲಿ ಮಾತನಾಡುವ ಆಸೆಯಿದ್ದೂ ಅಂಜಿಕೆಗೆ ಬಾಯಿ ಬಾರದು. ‘ಅಲೂಫ್’ ಎಂದರೆ ಬಿಗುಮಾನ, ಅದು ದೂರೇ ಸರಿ. ಅದು ಹುಟ್ಟಿದ್ದು ಮಾತ್ರ ನಾವಿಕರ ಬಾಯಲ್ಲಿ. ಹಡಗು ದಡಕ್ಕೆ ಬಡಿಯದಿರಲೆಂದು ಗಾಳಿ ಬೀಸಿ ಬರುವ ದಿಕ್ಕಿಗೆ ಅದರ ಮೂತಿ ತಿರುಗಿಸಿ ದೂರ ಉಳಿಯುವುದು. ಬಿಗುಮಾನದ ಬೇರಿನಲ್ಲಿಯೂ ಒಡೆದುಹೋಗುವ ಭಯವಿದೆ ನೋಡು.

‘ಎ ಬಿಟ್’ ಎಂಬುದನ್ನು ಬಿಡಬೇಡ. ಇಲ್ಲಿಯವರು ಆಕ್ಷೇಪಣೆಯನ್ನು ಮೆತ್ತಗೆ ಮಾಡುವುದೇ ಅದರಿಂದ. ಸಭೆಯಲ್ಲಿ ಇನ್ನಷ್ಟು ಮಾತನಾಡು ಎಂಬುದು ಅವರ ಆಸೆ, ಅಷ್ಟೇ. ಕಚೇರಿಯಲ್ಲಿ ಚಹಾ ಮಾಡಲು ಎದ್ದಾಗ ಅಕ್ಕಪಕ್ಕದವರಿಗೂ ಬೇಕೇ ಎಂದು ಕೇಳು. ಅವರು ಕೇಳಿದಾಗ ಬೇಡ ಎನ್ನಬೇಡ.

ನನ್ನ ಕಥೆಯನ್ನು ಕೇಳಿದರೆ ಈ ಮಾತು ಏಕೆಂದು ತಿಳಿಯುತ್ತದೆ. ನಾವು ಶಿರಸಿಯಿಂದ ಇಲ್ಲಿಗೆ ಬಂದದ್ದು 2003ರ ಜನವರಿಯಲ್ಲಿ. ಸಂಜೆ ನಾಲ್ಕಕ್ಕೇ ಕತ್ತಲು. ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಚಾಲಕರೊಬ್ಬರು ಒಬ್ಬರೇ ಇದ್ದರು. ಎರಡನೆಯ ದಿನವೇ ಬೇಲಿಯಾಚೆಯಿಂದ, ‘ಒಳಗೆ ಬಾ ಲವ್, ಚಹಾ ಕುಡಿಯುತ್ತೀಯಾ?’ ಎಂದರು. ಲೀಡ್ಸ್ ಇರುವ ಈ ಯಾರ್ಕ್‌ಶೈರ್ ಸೀಮೆಯಲ್ಲಿ ಗುರುತಿಲ್ಲದವರನ್ನೂ ಹಾಗೆ ಕರೆಯುತ್ತಾರೆಂದು ಗೊತ್ತಿರಲಿಲ್ಲ, ಮುಖ ಕೆಂಪಾಯಿತು. ‘ಬೇಡ, ಈಗಷ್ಟೇ ಕುಡಿದೆ’ ಎಂದೆ. ನಮ್ಮಲ್ಲಿ ಆಸರಿಗೆ, ಅಂದರೆ ಕುಡಿಯಲು, ಏನು ಬೇಕೆಂದರೆ ಮೊದಲು ಬೇಡ ಎನ್ನುವುದೇ ಮರ್ಯಾದೆಯಲ್ಲವೇ? ಬೇಡವೆಂದರೂ ಲೋಟ ಬಂದೇ ಬರುತ್ತದೆ. ಇವರು ‘ಸರಿ’ ಎಂದು ಒಳಗೆ ಹೋದರು. ಮತ್ತೆ ಎರಡು ಸಲ ಕರೆದರು, ಎರಡು ಸಲವೂ ನಾನು ದಾಕ್ಷಿಣ್ಯದಿಂದ ಬೇಡವೆಂದೆ. ಆಮೇಲೆ ಕರೆಯಲಿಲ್ಲ. ಎಂಟು ವರ್ಷ ಕೈಬೀಸಿಕೊಂಡೇ ಕಳೆದೆವು. ಇಂಗ್ಲಿಷರು ಹೀಗೆಯೇ, ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಎಂದು ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮನಿಗೆ ಹೇಳುತ್ತಿದ್ದೆ.

2011ರಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆ ಮುಗಿದ ಮೇಲೆ ಮಗಳು ಬಂದು ಕರೆದಳು. ಆ ಮನೆಯ ಹೊಸಿಲು ದಾಟಿದ್ದು ಅಂದೇ ಮೊದಲು. ಅಡುಗೆಮನೆಯ ಕಿಟಕಿಯಿಂದ ನಮ್ಮ ಹಿತ್ತಿಲು, ನಾನು ಪ್ರತಿ ಬೇಸಿಗೆ ನೆಟ್ಟ ಮೆಂತ್ಯದ ಪಾತಿ, ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು. ಆ ಸೊಪ್ಪು ಯಾವುದೆಂದು ಅಪ್ಪ ಎಷ್ಟೋ ಸಲ ಯೋಚಿಸುತ್ತಿದ್ದರಂತೆ. ‘ಕೇಳಬಹುದಿತ್ತಲ್ಲ’ ಎಂದೆ. ‘ನೀವು ರಿಸರ್ವ್ಡ್ ಜನ, ಮೇಲೆ ಬಿದ್ದು ಹೋಗಬಾರದು ಎನ್ನುತ್ತಿದ್ದರು. ನಿಮ್ಮ ಮೇಲೆ ತುಂಬ ಗೌರವವಿತ್ತು’ ಎಂದಳು.

ನಾನು ಅವರ ಬಗ್ಗೆ ಹೇಳುತ್ತಿದ್ದುದನ್ನೇ ಅವರು ನನ್ನ ಬಗ್ಗೆ ಹೇಳುತ್ತಿದ್ದರು, ಅದೂ ಒಳ್ಳೆಯ ಮಾತಾಗಿ. ಒಂದು ಹಿಡಿ ಮೆಂತ್ಯ ಸೊಪ್ಪನ್ನು ಬೇಲಿಯಾಚೆ ಕೊಡಲಾರದೆ ಹೋದದ್ದು ಇಂದಿಗೂ ಹೊಟ್ಟೆಯೊಳಗೆ ಸಂಕಟವಾಗಿಯೇ ಇದೆ.

ಶುಕ್ರವಾರ ಸಂಜೆ ಕಚೇರಿಯವರು ಪಬ್‌ಗೆ ಕರೆಯುತ್ತಾರೆ, ಹೋಗುವುದೋ ಬೇಡವೋ ಎಂದೂ ಕೇಳಿದ್ದೀಯಲ್ಲ. ಹೋಗು. ಅಮ್ಮ ಏನೆನ್ನುತ್ತಾರೋ ಎಂದು ಹೆದರಬೇಡ. ಕಿತ್ತಳೆ ರಸ ಸಿಗುತ್ತದೆ, ಬಿಯರ್ ಬೇಡವೆಂದರೆ ಯಾರೂ ಒತ್ತಾಯಿಸುವುದಿಲ್ಲ.