ಗವರ್ನರ್ ಮಗಳಲ್ಲ, ಜಾನ್ ಟಿಲ್ಲಿಯ ಮಗಳು

ಪ್ರಶ್ನೆ: ನನ್ನ ಸೊಸೆ ಅಮೆರಿಕದವಳು. 1620ರಲ್ಲಿ ಇಂಗ್ಲೆಂಡಿನ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಅಮೆರಿಕದ ಪ್ಲಿಮತ್‌ಗೆ ಬಂದ ಎಲಿಜಬೆತ್ ಹೌಲ್ಯಾಂಡ್ ತಮ್ಮ ವಂಶದ ಅಜ್ಜಿ ಅನ್ನುತ್ತಾಳೆ. ಬೀಗರ ಮನೆಯ ಹಳೇ ವಂಶಪಟ್ಟಿಯಲ್ಲಿ ಆಕೆ ಪ್ಲಿಮತ್‌ನ ಮೊದಲ ಗವರ್ನರ್ ಕಾರ್ವರ್ ಮಗಳು. ಇಂಟರ್ನೆಟ್ಟಿನಲ್ಲಿ ನೋಡಿದರೆ ಅದೇ ಹಡಗಿನಲ್ಲಿ ಬಂದ ಜಾನ್ ಟಿಲ್ಲಿ ಎಂಬುವರ ಮಗಳು. ಮೊಮ್ಮಗನಿಗೆ ಪಟ್ಟಿ ಬರೆದುಕೊಡಬೇಕು. ಯಾವುದನ್ನು ನಂಬಲಿ?

ಉತ್ತರ: ಟಿಲ್ಲಿ ಅಂತಲೇ ಬರೆಯಿರಿ. ಹಾಗಂತ ಬೀಗರನ್ನು ದೂರಬೇಡಿ. 19ನೇ ಶತಮಾನದಲ್ಲಿ ಆಕೆಯ ಗಂಡ ಜಾನ್ ಹೌಲ್ಯಾಂಡ್‌ಗೆ ವಂಶದವರು ನಿಲ್ಲಿಸಿದ ಸಮಾಧಿ ಕಲ್ಲಿನಲ್ಲೇ ಕಾರ್ವರ್ ಮಗಳೆಂದು ಕೆತ್ತಿಸಿದ್ದರು! ಹೌಲ್ಯಾಂಡ್ ಬಂದದ್ದು ಕಾರ್ವರ್ ಮನೆಯ ಆಳಾಗಿ. ಕಥೆ ಹುಟ್ಟಲು ಅಷ್ಟು ಸಾಕಾಯಿತು.

ಅದನ್ನು ಮುರಿದದ್ದು ಒಂದು ಹಸ್ತಪ್ರತಿ. ಪ್ಲಿಮತ್‌ನ ಇನ್ನೊಬ್ಬ ಗವರ್ನರ್ ವಿಲಿಯಂ ಬ್ರಾಡ್‌ಫೋರ್ಡ್ ಹಡಗಿನಲ್ಲಿ ಬಂದವರ ಪಟ್ಟಿಯನ್ನು ಕೈಯಾರೆ ಬರೆದಿಟ್ಟಿದ್ದರು. ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಅದರಲ್ಲಿದೆ. ಅಮೆರಿಕದ ಕ್ರಾಂತಿಯ ಕಾಲದಲ್ಲಿ ಕಳೆದುಹೋದ ಆ ಪ್ರತಿ 1855ರಲ್ಲಿ ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಹೌಲ್ಯಾಂಡ್ ಮದುವೆಯಾದದ್ದು ಜಾನ್ ಟಿಲ್ಲಿಯ ಮಗಳನ್ನು, ಅವರಿಗೆ 10 ಮಕ್ಕಳು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಬ್ರಾಡ್‌ಫೋರ್ಡ್ ಇವರೊಂದಿಗೇ ಬದುಕಿದವರು. ಇನ್ನೂರು ವರ್ಷದ ನಂತರದ ಕಲ್ಲಿಗಿಂತ ಅವರ ಮಾತಿಗೆ ತೂಕ ಜಾಸ್ತಿ ಅಲ್ವಾ?

ಎಲಿಜಬೆತ್‌ಳ ಇಂಗ್ಲೆಂಡಿನ ಊರು ಗೊತ್ತಾಗಿದ್ದು ಚರ್ಚಿನ ದಾಖಲೆಯಿಂದ. ಅಲ್ಲಿ 1538ರಿಂದ ಪ್ರತಿ ಚರ್ಚೂ ದೀಕ್ಷಾಸ್ನಾನ (ಮಗು ಹುಟ್ಟಿದ ಸ್ವಲ್ಪ ದಿನಕ್ಕೆ ಮಾಡುವ ಶಾಸ್ತ್ರ), ಮದುವೆ, ಸಾವುಗಳನ್ನು ಬರೆದಿಡಬೇಕಿತ್ತು. ಬೆಡ್‌ಫೋರ್ಡ್‌ಶೈರಿನ ಹೆನ್ಲೋ ಹಳ್ಳಿಯ ಪುಸ್ತಕದಲ್ಲಿ ಎಲಿಜಬೆತ್ ದೀಕ್ಷಾಸ್ನಾನ 1607ರ ಆಗಸ್ಟ್ 30ರಂದು ದಾಖಲಾಗಿದೆ. ಅಂದರೆ ಹಡಗು ಹತ್ತಿದಾಗ 13 ವರ್ಷದ ಹುಡುಗಿ. ಮೊದಲ ಚಳಿಗಾಲದಲ್ಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಜೊತೆಗೆ ಬಂದಿದ್ದ ಚಿಕ್ಕಪ್ಪ ಎಡ್ವರ್ಡ್, ಅವರ ಹೆಂಡತಿ ಕೂಡ ಉಳಿಯಲಿಲ್ಲ.

ಅಮ್ಮ ಜೋನ್ ಹರ್ಸ್ಟ್ ವಿಷಯದಲ್ಲಿ ಮಾತ್ರ ಎಚ್ಚರ. ಟಿಲ್ಲಿಯನ್ನು 1596ರಲ್ಲಿ ಮದುವೆಯಾಗುವ ಮೊದಲು ಆಕೆ ಥಾಮಸ್ ರೋಜರ್ಸ್ ಎಂಬುವರ ವಿಧವೆ. ಮೇಫ್ಲವರ್‌ನಲ್ಲೂ ಒಬ್ಬ ಥಾಮಸ್ ರೋಜರ್ಸ್ ಇದ್ದರು! ಅವರೇ ಬೇರೆ, ನಾರ್ಥಾಂಪ್ಟನ್‌ಶೈರಿನವರು. ಸುಮ್ನೆ ಹೆಸರು ನೋಡಿ ಇಬ್ಬರನ್ನೂ ಒಂದು ಮಾಡಬೇಡಿ.

ಎಲಿಜಬೆತ್‌ಳನ್ನು ಯಾವುದೋ ರಾಜಮನೆತನಕ್ಕೆ ಜೋಡಿಸಿದ ಪಟ್ಟಿ ಸಿಕ್ಕರೆ, ಪ್ರತಿ ಮೆಟ್ಟಿಲಿಗೂ ದಾಖಲೆ ಕೇಳಿ. ಡಿಎನ್‌ಎ ಪರೀಕ್ಷೆಗೆ ಈಗಲೇ ದುಡ್ಡು ಹಾಕಬೇಡಿ. ತಾಯಿಯಿಂದ ಬರುವ ಡಿಎನ್‌ಎ ಉಪಯೋಗವಾಗಬೇಕಾದರೆ ಎಲಿಜಬೆತ್‌ನಿಂದ ಸೊಸೆಯವರೆಗೆ ನಡುವೆ ಒಬ್ಬ ಗಂಡಸೂ ಬರಬಾರದು.

ನಿಮ್ಮ ಕೆಲಸ ಶುರುವಾಗಬೇಕಾದ್ದು ಸೊಸೆಯ ಕಡೆಯಿಂದ. ಅವಳ ಜನನಪತ್ರ, ಅವಳ ತಾಯಿಯದು, ಅಜ್ಜಿಯದು, ಹೀಗೆ ಹಿಂದಕ್ಕೆ ಹೋಗಿ. ಮೇಫ್ಲವರ್ ವಂಶಸ್ಥರ ಸಂಘ ಮೊದಲ ಐದು ತಲೆಮಾರನ್ನು ಆಗಲೇ ದಾಖಲೆ ಸಮೇತ ಅಚ್ಚು ಹಾಕಿದೆ. ಜನ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು 1850ರ ಹಿಂದಿನ ಐವತ್ತು ವರ್ಷದಲ್ಲಿ. ಅಮೆರಿಕದ ಜನಗಣತಿಯಲ್ಲಿ ಅಲ್ಲಿಯವರೆಗೆ ಮನೆಯ ಯಜಮಾನನ ಹೆಸರಷ್ಟೇ ಬರೆಯುತ್ತಿದ್ದರು, ಹೆಂಡತಿ ಮಕ್ಕಳು ಬರೀ ಲೆಕ್ಕ. ಆ ಭಾಗಕ್ಕೆ, ಪ್ಲಿಮತ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಊರೂರಿನ ಜನನ, ಮದುವೆ ದಾಖಲೆಗಳ ಅಚ್ಚಾದ ಸಂಪುಟಗಳಿವೆ. ಜೊತೆಗೆ ಅಪ್ಪಂದಿರ ಉಯಿಲು ನೋಡಿ. ಮದುವೆಯಾದ ಮಗಳ ಹೆಸರು ಗಂಡನ ಮನೆತನದ ಹೆಸರಿನೊಂದಿಗೆ ಸಿಗುವುದು ಹೆಚ್ಚಾಗಿ ಅಲ್ಲೇ.