ಮನೆಯ ಸರ್ವರಿಗೆ ಹೊರಗಿನಿಂದ ದಾರಿ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಒಂದನ್ನು ಸರ್ವರ್ ಮಾಡಿಕೊಂಡು ಮನೆಯವರ ಫೋಟೋಗಳನ್ನೆಲ್ಲ ಅದರಲ್ಲಿ ಇಟ್ಟಿದ್ದೇನೆ. ಮನೆಯ ವೈಫೈನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆ. ಆದರೆ ರೂಟರಿನಲ್ಲಿ 443ನೇ ಪೋರ್ಟನ್ನು (ಜಾಲತಾಣಗಳ ಸಂಪರ್ಕ ಬರುವ ಬಾಗಿಲು) ಸರ್ವರಿಗೆ ಫಾರ್ವರ್ಡ್ ಮಾಡಿದರೂ ಬೆಂಗಳೂರಿನಲ್ಲಿರುವ ಮಗಳಿಗೆ ಸಿಗುತ್ತಿಲ್ಲ. ಏನು ಮಾಡಬಹುದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ರೂಟರಿನ ಸ್ಟೇಟಸ್ ಪುಟದಲ್ಲಿರುವ ವ್ಯಾನ್ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸವನ್ನು, 'ನನ್ನ ಐಪಿ ಯಾವುದು' ಎಂದು ತಿಳಿಸುವ ಯಾವುದಾದರೂ ಜಾಲತಾಣ ತೋರಿಸುವ ವಿಳಾಸದೊಂದಿಗೆ ಹೋಲಿಸಿ ನೋಡಿ. ಎರಡೂ ಬೇರೆಯಾಗಿದ್ದು, ರೂಟರಿನದು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ, ನೀವು ಸಿಜಿನ್ಯಾಟ್ (ಹಲವು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಇಡುವ ಕಂಪನಿಯ ವ್ಯವಸ್ಥೆ) ಹಿಂದೆ ಇದ್ದೀರಿ ಎಂದರ್ಥ. ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಏಷ್ಯಾ ಪೆಸಿಫಿಕ್ ವಲಯದಲ್ಲಿ 2011ರ ಏಪ್ರಿಲ್‌ನಿಂದಲೇ ಉಳಿದವನ್ನು ಪಡಿತರದಂತೆ ಅಳೆದು ಕೊಡಲಾಗುತ್ತಿದೆ. ಹಾಗಾಗಿ ಇಂಟರ್ನೆಟ್ ಕಂಪನಿಗಳು ಹಲವು ಮನೆಗಳಿಗೆ ಒಂದೇ ವಿಳಾಸವನ್ನು ಹಂಚುತ್ತವೆ. ಹೊರಗಿನಿಂದ ಬಂದ ಕರೆ ಯಾವ ಮನೆಗೆ ಎಂಬುದು ಕಂಪನಿಯ ಯಂತ್ರಕ್ಕೆ ತಿಳಿಯದ ಕಾರಣ ಅದು ಅಲ್ಲಿಯೇ ನಿಲ್ಲುತ್ತದೆ. ರೂಟರಿನಲ್ಲಿ ನೀವು ಏನು ಬದಲಿಸಿದರೂ ಪ್ರಯೋಜನವಾಗದು.

ಹೆಚ್ಚುವರಿ ಶುಲ್ಕ ಕಟ್ಟಿ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಮೀಸಲಾದ, ಬದಲಾಗದ ವಿಳಾಸ) ಪಡೆಯುವುದು ಒಂದು ದಾರಿ. ಆದರೆ 25, 80, 443ನೇ ಪೋರ್ಟುಗಳು ತೆರೆದಿರುತ್ತವೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಐಪಿವಿ6 (ಕೊರತೆಯಿಲ್ಲದ ಹೊಸ ಬಗೆಯ ವಿಳಾಸ) ಇದ್ದರೆ ಅದನ್ನೂ ಪರೀಕ್ಷಿಸಬಹುದು. ರೂಟರಿನ ಫೈರ್‌ವಾಲ್‌ನಲ್ಲಿ ಆ ಒಂದು ಯಂತ್ರಕ್ಕೆ ಮಾತ್ರ ಅನುಮತಿ ಕೊಡಬೇಕಾಗುತ್ತದೆ, ಮಗಳ ಕಡೆಯೂ ಐಪಿವಿ6 ಇರಬೇಕಾಗುತ್ತದೆ.

ನಿಮಗೆ ನಾನು ಹೇಳುವುದು ಮೂರನೆಯ ದಾರಿಯನ್ನು. ಒಳಬರುವ ಸಂಪರ್ಕಕ್ಕೆ ತಡೆಯಿದ್ದರೂ ಹೊರಹೋಗುವುದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ತಿಂಗಳ ಬಾಡಿಗೆಗೆ ಸಿಗುವ ಚಿಕ್ಕ ವಿಪಿಎಸ್ (ಇಂಟರ್ನೆಟ್‌ನಲ್ಲಿ ತನ್ನದೇ ವಿಳಾಸವಿರುವ ಸರ್ವರ್) ಒಂದನ್ನು ಪಡೆದು, ಮನೆಯ ಸರ್ವರಿನಿಂದಲೇ ಅದಕ್ಕೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಗೂಢಲಿಪಿಯ ಸುರಂಗ ಕಟ್ಟಿರಿ. ಮನೆಯ ಕಡೆಯ ಕಾನ್ಫಿಗ್ ಕಡತದಲ್ಲಿ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' ಎದುರು 25 ಎಂದು ಬರೆಯುವುದನ್ನು ಮರೆಯಬೇಡಿ: 25 ಸೆಕೆಂಡಿಗೊಮ್ಮೆ ಪುಟ್ಟ ಸಂದೇಶವೊಂದು ಹೋಗದಿದ್ದರೆ, ಕಂಪನಿಯ ಯಂತ್ರ ನಿಮ್ಮ ಸಂಪರ್ಕವನ್ನು ತನ್ನ ಪಟ್ಟಿಯಿಂದ ಅಳಿಸಿ ಸುರಂಗ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಮಗಳ ಫೋನಿನಲ್ಲಿಯೂ ವೈರ್‌ಗಾರ್ಡ್ ಹಾಕಿ ಅದೇ ವಿಪಿಎಸ್‌ಗೆ ಜೋಡಿಸಿದರೆ, ಫೋಟೋಗಳ ಪುಟವನ್ನು ಲೋಕಕ್ಕೆಲ್ಲ ತೆರೆದಿಡುವ ಅಗತ್ಯವೇ ಬೀಳುವುದಿಲ್ಲ. ಇಷ್ಟು ಕೆಲಸ ಹೆಚ್ಚೆನಿಸಿದರೆ ಇಂಥ ಸುರಂಗವನ್ನು ತಾನೇ ಜೋಡಿಸಿಕೊಡುವ ಟೇಲ್‌ಸ್ಕೇಲ್ ಬಳಸಿ. ಕ್ಲೌಡ್‌ಫ್ಲೇರ್ ಕಂಪನಿಯ ಯಂತ್ರಗಳ ಮೂಲಕ ಪುಟವನ್ನು ತಲುಪಿಸುವ ಕ್ಲೌಡ್‌ಫ್ಲೇರ್ ಟನಲ್ ಕೂಡ ಸುಲಭವೇ. ಆದರೆ ಅಲ್ಲಿ ಗೂಢಲಿಪಿ ಅವರ ಯಂತ್ರದಲ್ಲಿಯೇ ಬಿಚ್ಚಿಕೊಳ್ಳುವುದರಿಂದ, ಮನೆಯ ಫೋಟೋಗಳಿಗೆ ನಾನು ಅದನ್ನು ಆಯ್ಕೆ ಮಾಡುವುದಿಲ್ಲ.